ಮಾತು ತಡವಾದ ಮಗುವಿಗೆ ಮನೆಯ ನುಡಿ

ಉದ್ಯೋಗನಿಮಿತ್ತವಾಗಿ ಮುಂಬಯಿಯಲ್ಲಿ ನೆಲಸಿದ ನಮ್ಮವರ ಮನೆಗಳಲ್ಲಿ ಮಗುವೊಂದು ಮೂರು ವರ್ಷ ತುಂಬಿದರೂ ಮಾತನಾಡದೆ, ಕರೆದರೆ ತಿರುಗಿ ನೋಡದೆ, ಒಂದೇ ಆಟದಲ್ಲಿ ಮಗ್ನವಾಗಿ ಕುಳಿತಿತೆಂದರೆ ಹಿರಿಯರು ಊಹಿಸುವ ಕಾರಣ ಸಾಮಾನ್ಯವಾಗಿ ಒಂದೇ: ಮನೆಯಲ್ಲಿ ಕನ್ನಡ, ನೆರೆಯಲ್ಲಿ ಮರಾಠಿ, ಬೀದಿಯಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷು, ಇಷ್ಟರ ನಡುವೆ ಕೂಸು ಕಂಗೆಟ್ಟಿದೆ! ಅದು ಆಟಿಸಂ, ಅಂದರೆ ಸ್ವಲೀನತೆ, ಎಂದು ವೈದ್ಯರು ಹೇಳಿದ ಮೇಲೂ ಈ ಶಂಕೆ ಅಳಿಯದು. ಶಾಲೆಯ ಭಾಷೆಯೊಂದನ್ನೇ ಆಡಿರೆಂಬ ಸಲಹೆಯೂ ಹಲವೆಡೆ ದೊರೆಯುತ್ತದೆ. ಆಗ ಮೊದಲು ತ್ಯಾಜ್ಯವಾಗುವುದು ಕನ್ನಡವೇ.

ಈ ಸಲಹೆಗೆ ಆಧಾರ ಸಾಲದು. 1943ರಲ್ಲಿ ಲಿಯೋ ಕ್ಯಾನರ್ ಅವರು 11 ಮಕ್ಕಳ ವೃತ್ತಾಂತದೊಡನೆ ವಿವರಿಸಿದ ಈ ಸ್ಥಿತಿಯು ಮೆದುಳಿನ ಬೆಳವಣಿಗೆಗೆ ಸಂಬಂಧಿಸಿದುದು. ಭಾಷೆಗಳ ಸಂಖ್ಯೆಯಿಂದ ಅದು ಉಂಟಾಗುವುದಿಲ್ಲ. ಎರಡನೆಯ ಭಾಷೆ ಮಾತನ್ನು ಹಿಂದಕ್ಕೆಳೆಯುವುದೆ ಎಂದು ಕೆನಡಾದಲ್ಲಿ ಹ್ಯಾಂಬ್ಲಿ ಮತ್ತು ಫೊಂಬೋನ್ 75 ಮಕ್ಕಳನ್ನು ಪರಿಶೀಲಿಸಿ 2012ರಲ್ಲಿ ಫಲಿತಾಂಶ ಪ್ರಕಟಿಸಿದರು. ಎರಡು ಭಾಷೆ ಕೇಳಿ ಬೆಳೆದ ಮಕ್ಕಳು ಒಂದೇ ಭಾಷೆಯವರಿಗಿಂತ ಹೆಚ್ಚು ಹಿಂದುಳಿದಿರಲಿಲ್ಲ.

ನಷ್ಟವಾಗುವುದು ಬೇರೆ ಬಗೆಯಲ್ಲಿ. ತನಗೆ ಸಲೀಸಲ್ಲದ ಇಂಗ್ಲಿಷಿನಲ್ಲಿ ಮಗುವಿನೊಡನೆ ವ್ಯವಹರಿಸುವ ತಾಯಿಯ ಬಾಯಲ್ಲಿ ಕಮ್, ಸಿಟ್, ಈಟ್ ಎಂಬ ಆಜ್ಞೆಗಳಷ್ಟೇ ಉಳಿಯುತ್ತವೆ. ಮುದ್ದು, ಮುನಿಸು, ತಮಾಷೆ ಅದರಲ್ಲಿ ಬಾರವು. ಮನೆಮಂದಿ ತಮ್ಮೊಳಗೆ ಕನ್ನಡವನ್ನೇ ಆಡುತ್ತಿರುವುದರಿಂದ, ಮೊದಲೇ ಒಂಟಿಯಾದ ಮಗು ಮನೆಯ ಮಾತುಕತೆಗೂ ಹೊರಗಿನದಾಗುತ್ತದೆ.

ಹಾಗಾದರೆ ಶಾಲೆಯ ಗತಿಯೇನು? ವಿಶೇಷ ಶಿಕ್ಷಣ ಮುಂಬಯಿಗೆ ಹೊಸದಲ್ಲ. ವಕೀಲ್ ದಂಪತಿಗಳು ತಮ್ಮ ಮಗಳ ನಿಮಿತ್ತ ಆರಂಭಿಸಿದ, ಇಂದು ಶಿವಡಿಯಲ್ಲಿರುವ ಜಯ್ ವಕೀಲ್ ಶಾಲೆ 1944ರದು. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಶೇಕಡಾ 40ಕ್ಕೆ ಕಡಿಮೆಯಿಲ್ಲದ ವೈಕಲ್ಯವುಳ್ಳ 6ರಿಂದ 18 ವಯಸ್ಸಿನವರಿಗೆ ನೆರೆಯ ಶಾಲೆಯಲ್ಲಾಗಲಿ ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣದ ಹಕ್ಕನ್ನು ನೀಡಿದೆ. ಆದರೆ ಶಿಕ್ಷಕಿಗೆ ಕನ್ನಡ ಬರಬೇಕೆಂದು ಯಾವ ಕಾನೂನೂ ವಿಧಿಸಲಾರದು. ಸ್ವಲೀನತೆಯ ಮಕ್ಕಳಲ್ಲಿ ಅನೇಕರು ಕೇಳಿದ ವಾಕ್ಯವನ್ನು ಹಾಗೆಯೇ ಮರುನುಡಿಯುತ್ತಾರೆ, ಅದಕ್ಕೆ ಅರ್ಥವಿರುತ್ತದೆ. “ನೀರು ಬೇಕಾ?” ಎಂದು ಮಗು ತಾನೇ ಕೇಳುತ್ತಿದ್ದರೆ ಅದಕ್ಕೆ ಬಾಯಾರಿದೆಯೆಂದು ತಿಳಿಯಬೇಕು. ಕನ್ನಡವರಿಯದ ಶಿಕ್ಷಕಿಗೆ ಅದು ಬರಿಯ ಗೊಣಗಾಟ. “ಸಾಕು”, “ಬೇಡ” ಎಂಬೆರಡು ಮಾತು ಅರ್ಥವಾಗದೆ ಹೋದಲ್ಲಿ ಮಗು ಕಿರಿಚುತ್ತದೆ, ಕಚ್ಚುತ್ತದೆ. ಹಠಮಾರಿಯೆಂಬ ಹೆಸರು ಬರುತ್ತದೆ.

ಇದಕ್ಕೆ ಮಾರ್ಗ ಸುಲಭ, ಖರ್ಚೂ ಇಲ್ಲ. ಮಗು ಬಳಸುವ ಇಪ್ಪತ್ತು ಮೂವತ್ತು ಕನ್ನಡ ಮಾತುಗಳನ್ನು ನಾಗರಿ ಲಿಪಿಯಲ್ಲಿ ಬರೆದು, ಎದುರಿಗೆ ಅರ್ಥವನ್ನೂ ಯಾವ ಸಂದರ್ಭದಲ್ಲಿ ಆಡುತ್ತದೆಂಬುದನ್ನೂ ಗುರುತಿಸಿ ಶಾಲೆಗೆ ಕೊಡಬಹುದು. ಮಾತೇ ಬಾರದ ಮಗುವಿಗೆ ಶಾಲೆಯಲ್ಲಿ ಬಳಸುವ ಚಿತ್ರದ ಚೀಟಿಗಳನ್ನೇ ಮನೆಯಲ್ಲೂ ಇರಿಸಿ, ಅದು ಲೋಟದ ಚಿತ್ರ ತೋರಿದಾಗ ನೀರು ಕೊಡುತ್ತ “ನೀರು” ಎಂದರಾಯಿತು. ಮೇ ರಜೆಗೆ ಊರಿಗೆ ಹೊರಡುವ ಮುನ್ನ ಇಂಥದೇ ಇನ್ನೊಂದು ಕಟ್ಟು ಅಜ್ಜಿಯ ಕೈಸೇರಬೇಕು; ಮುಂಬಯಿಯ ಶಾಲೆಯಲ್ಲಿ ಕಲಿತ ಸಂಕೇತಗಳು ಅಲ್ಲಿ ಬೇರಾರಿಗೂ ತಿಳಿದಿರುವುದಿಲ್ಲ.