ಬೆಕ್ಕು ಪ್ಯಾರಾಸಿಟಮಾಲ್ ಮಾತ್ರೆ ನುಂಗಿದಾಗ ಕೈಗೊಳ್ಳಬೇಕಾದ ತುರ್ತು ಕ್ರಮಗಳು

ಧಾನ್ಯದ ಕೋಣೆಯನ್ನು ಇಲಿಗಳಿಂದ ಕಾಯುವ ಬೆಕ್ಕು ಜ್ವರದಿಂದ ಮಂಕಾದಾಗ, ಮನೆಯಲ್ಲಿರುವ ಪ್ಯಾರಾಸಿಟಮಾಲ್ ಮಾತ್ರೆಯ ಅರ್ಧ ಭಾಗವನ್ನು ಹಾಲಿನಲ್ಲಿ ಕರಗಿಸಿ ಕುಡಿಸುವವರಿದ್ದಾರೆ. ಇದು ಅಪಾಯಕಾರಿ. ಮನುಷ್ಯರ ಜ್ವರ ಇಳಿಸುವ ಈ ಔಷಧ ಬೆಕ್ಕಿಗೆ ವಿಷ. 500 ಮಿಲಿಗ್ರಾಂನ ಒಂದೇ ಮಾತ್ರೆಯು 3–4 ಕಿಲೋಗ್ರಾಂ ತೂಕದ ಬೆಕ್ಕಿನ ಪ್ರಾಣವನ್ನು ತೆಗೆಯಬಲ್ಲದು.

ಕಾರಣವೇನು?
ಮನುಷ್ಯರ ಯಕೃತ್ತು ಈ ಔಷಧವನ್ನು ನಿರಪಾಯಕಾರಿ ರೂಪಕ್ಕೆ ಪರಿವರ್ತಿಸಿ ಹೊರಹಾಕುತ್ತದೆ. ಅದಕ್ಕೆ ಬೇಕಾದ ಕಿಣ್ವದ ಸಾಮರ್ಥ್ಯ ಬೆಕ್ಕಿನ ಯಕೃತ್ತಿನಲ್ಲಿ ಅತ್ಯಲ್ಪ. ಆದ್ದರಿಂದ ದೇಹದಲ್ಲಿ ವಿಷಕಾರಿ ವಸ್ತುಗಳು ಉಂಟಾಗಿ ಕೆಂಪು ರಕ್ತಕಣಗಳನ್ನು ಕೆಡಿಸುತ್ತವೆ. ಕೆಟ್ಟ ರಕ್ತ ಆಮ್ಲಜನಕವನ್ನು ಒಯ್ಯಲಾರದೆ ಕಂದು ಬಣ್ಣಕ್ಕೆ ತಿರುಗುತ್ತದೆ.

ಲಕ್ಷಣಗಳು
ಕೆಲವೇ ಗಂಟೆಗಳಲ್ಲಿ ಮಂಕುತನ, ಜೊಲ್ಲು ಸುರಿಯುವಿಕೆ, ವಾಂತಿ ಹಾಗೂ ಏದುಸಿರು ಕಾಣಿಸಿಕೊಳ್ಳಬಹುದು. ಒಸಡುಗಳು ನೀಲಿ ಅಥವಾ ಕಂದು ಬಣ್ಣಕ್ಕೆ ತಿರುಗುತ್ತವೆ; ಮುಖ ಮತ್ತು ಪಾದಗಳು ಊದಿಕೊಳ್ಳುತ್ತವೆ; ಮೂತ್ರ ಗಾಢವಾಗುತ್ತದೆ.

ನೀವು ಮಾಡಬೇಕಾದುದು
1. ಲಕ್ಷಣಗಳಿಗಾಗಿ ಕಾಯದೆ ತಕ್ಷಣ ಪಶುವೈದ್ಯರನ್ನು ಸಂಪರ್ಕಿಸಿ.
2. ಮಾತ್ರೆಯ ಪಟ್ಟಿಯನ್ನು ಜೊತೆಗೆ ಒಯ್ಯಿರಿ. ಎಷ್ಟು ಮಾತ್ರೆ, ಯಾವಾಗ ಸೇವಿಸಿತು ಮತ್ತು ಬೆಕ್ಕಿನ ಅಂದಾಜು ತೂಕ ಎಷ್ಟು ಎಂಬುದನ್ನು ತಿಳಿಸಿ. ಅನೇಕ ನೆಗಡಿ ಮಾತ್ರೆಗಳಲ್ಲಿಯೂ ಪ್ಯಾರಾಸಿಟಮಾಲ್ ಇರುವುದರಿಂದ ಪಟ್ಟಿಯ ಮೇಲಿನ ವಿವರ ಮುಖ್ಯ.
3. ಬೆಕ್ಕನ್ನು ಗಾಳಿಯಾಡುವ ಬುಟ್ಟಿಯಲ್ಲಿ ಶಾಂತವಾಗಿ ಕರೆದೊಯ್ಯಿರಿ. ಗಾಬರಿಗೊಂಡರೆ ಅದರ ಆಮ್ಲಜನಕದ ಅಗತ್ಯ ಹೆಚ್ಚುತ್ತದೆ.

ಮಾಡಬಾರದುದು
ವಾಂತಿ ಮಾಡಿಸಲು ಉಪ್ಪುನೀರು ಕುಡಿಸಬೇಡಿ, ಗಂಟಲಿಗೆ ಬೆರಳು ಹಾಕಬೇಡಿ. ಉಪ್ಪು ತಾನೇ ವಿಷವಾಗಬಹುದು. ಬಲವಂತವಾಗಿ ಕುಡಿಸಿದ ದ್ರವ ಶ್ವಾಸಕೋಶವನ್ನು ಸೇರಬಹುದು. ಹಾಲು, ಎಣ್ಣೆ ಕೊಡುವುದರಿಂದ ವಿಷ ಇಳಿಯುವುದಿಲ್ಲ. ಸಮಯ ಮಾತ್ರ ವ್ಯರ್ಥವಾಗುತ್ತದೆ.

ಚಿಕಿತ್ಸೆ
ಈ ವಿಷಕ್ಕೆ ಅಸಿಟೈಲ್‌ಸಿಸ್ಟೀನ್ ಎಂಬ ಪ್ರತ್ಯೌಷಧ ಇದೆ. ಬೇಗ ಆರಂಭಿಸಿದಷ್ಟೂ ಬದುಕುಳಿಯುವ ಸಾಧ್ಯತೆ ಹೆಚ್ಚು. ಮನುಷ್ಯರ ಚಿಕಿತ್ಸೆಯಲ್ಲಿಯೂ ಇದು ಬಳಕೆಯಲ್ಲಿರುವುದರಿಂದ, ಪಶು ಆಸ್ಪತ್ರೆಯಲ್ಲಿ ಲಭ್ಯವಿಲ್ಲದಿದ್ದರೆ ವೈದ್ಯರ ಚೀಟಿಯೊಂದಿಗೆ ಔಷಧ ಅಂಗಡಿಯಲ್ಲಿ ವಿಚಾರಿಸಬಹುದು. ಪ್ರಮಾಣವನ್ನು ವೈದ್ಯರೇ ನಿರ್ಧರಿಸಬೇಕು. ಅಗತ್ಯಕ್ಕೆ ತಕ್ಕಂತೆ ಅವರು ವಾಂತಿ ಮಾಡಿಸುವುದು, ಸಕ್ರಿಯ ಇದ್ದಿಲು, ಆಮ್ಲಜನಕ, ದ್ರವ ಚಿಕಿತ್ಸೆ ಅಥವಾ ರಕ್ತ ಪೂರಣವನ್ನು ಕೈಗೊಳ್ಳುತ್ತಾರೆ.

ಮುನ್ನೆಚ್ಚರಿಕೆ
ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂತಹ ನೋವುನಿವಾರಕಗಳೂ ಬೆಕ್ಕಿನ ಜಠರ ಹಾಗೂ ಮೂತ್ರಪಿಂಡಗಳಿಗೆ ಹಾನಿ ಮಾಡುತ್ತವೆ. ಎಲ್ಲ ಮಾತ್ರೆಗಳನ್ನು ಮುಚ್ಚಳವಿರುವ ಡಬ್ಬಿಯಲ್ಲಿಡಿ. ನೆಲಕ್ಕೆ ಬಿದ್ದ ಮಾತ್ರೆಯನ್ನು ಹುಡುಕಿ ತೆಗೆಯಿರಿ. ಬೆಕ್ಕಿಗೆ ಜ್ವರವೆನಿಸಿದರೆ ಮನೆಯ ಮಾತ್ರೆ ಕೊಡದೆ ಸಮೀಪದ ಪಶು ಚಿಕಿತ್ಸಾಲಯಕ್ಕೆ ಕರೆದೊಯ್ಯಿರಿ.