ಹೇಳಿದರಷ್ಟೇ ತಿಳಿಯುವ ಗಂಡ

ನಮ್ಮ ಹುಮನಾಬಾದ್ ಸೀಮೆಯಲ್ಲಿ ಗಂಡ–ಹೆಂಡತಿ ಜಗಳಕ್ಕೆ ಇರುವ ಔಷಧ ಎರಡೇ. ಮೊದಲನೆಯದು ಹಿರಿಯರ ಪಂಚಾಯಿತಿ. ನಾಲ್ಕು ಜನ ಕೂತು ಹುಡುಗನಿಗೆ ‘ಜವಾಬ್ದಾರಿ ಕಲಿ’ ಅನ್ನುತ್ತಾರೆ, ಹುಡುಗಿಗೆ ‘ಹೊಂದ್ಕೊಂಡು ಹೋಗವ್ವ’ ಅನ್ನುತ್ತಾರೆ, ಚಹಾ ಕುಡಿದು ಎದ್ದು ಹೋಗುತ್ತಾರೆ. ಅದಕ್ಕೂ ಬಗ್ಗದಿದ್ದರೆ ಎರಡನೆಯದು: ‘ಒಂದು ಕೂಸು ಆಗಲಿ, ಎಲ್ಲಾ ಸರಿ ಹೋಗ್ತದ.’

ಈ ಎರಡೂ ನಾಟದ ಒಂದು ಜೋಡಿ ನನ್ನ ಸಂಬಂಧಿಕರಲ್ಲೇ ಇದೆ. ಇಬ್ಬರನ್ನೂ ಕೇಳಿಯೇ ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ಊರು, ಉದ್ಯೋಗ ಬದಲಿಸಿದ್ದೇನೆ. ಅಣ್ಣ, ವೈನಿ ಅಂತಲೇ ಕರೆಯುತ್ತೇನೆ.

ಅಣ್ಣನದು ಮೋಟರ್ ರಿವೈಂಡಿಂಗ್ ಕೆಲಸ. ಸುಟ್ಟ ಪಂಪ್‌ಸೆಟ್ ಮುಂದೆ ಕೂತರೆ ಅವನಿಗೆ ಊಟದ ನೆನಪೂ ಇರುವುದಿಲ್ಲ, ಆದರೆ ತಾಮ್ರದ ತಂತಿ ಎಷ್ಟು ಸುತ್ತು ಹಾಕಿದ ಅನ್ನುವುದು ಮರೆಯುವುದಿಲ್ಲ. ಬರಾತಿನ ಡಿಜೆ ಸದ್ದು ಶುರುವಾದರೆ ಹೊಲದ ಕಡೆ ನಡೆದುಬಿಡುತ್ತಾನೆ. ತನ್ನ ಮದುವೆಯಲ್ಲೇ ಅರ್ಧ ಗಂಟೆ ಕಾಣೆಯಾಗಿದ್ದ. ಒಮ್ಮೆ ವೈನಿ ಜ್ವರ ಬಂದು ಮಲಗಿದ್ದಾಗ ‘ನಂಗೇನೂ ಆಗಿಲ್ಲ, ನೀವು ಅಂಗಡಿಗೆ ಹೋಗ್ರಿ’ ಅಂದರು. ಅವನು ಹೋಗಿಯೇಬಿಟ್ಟ. ವೈನಿ ಮಾತು ಬಿಟ್ಟರು. ಮಾತು ಬಿಟ್ಟಿದ್ದಾರೆ ಅನ್ನುವುದು ಅಣ್ಣನಿಗೆ ಗೊತ್ತಾದದ್ದು ಎರಡನೇ ದಿನ ಸಂಜೆ.

ಮನೆಯವರ ತೀರ್ಪು ಸುಲಭವಾಗಿತ್ತು: ಅವನು ಕಲ್ಲು ಮನಸ್ಸಿನವ, ಅವಳದು ಸಿಡುಕು ಸ್ವಭಾವ.

ಅಕ್ಕನ ಮಗನನ್ನು ಆಟಿಸಂ ಪರೀಕ್ಷೆಗೆ ಕರೆದೊಯ್ದಾಗ ವೈನಿ ಜೊತೆಗೆ ಹೋಗಿದ್ದರು. ವೈದ್ಯರು ಕೇಳುತ್ತಿದ್ದ ಒಂದೊಂದು ಪ್ರಶ್ನೆಗೂ ಅವರ ಕಣ್ಣ ಮುಂದೆ ಬಂದದ್ದು ಮಗುವಲ್ಲ, ಗಂಡ. ‘ಇವೆಲ್ಲಾ ನಮ್ಮ ಮನಿಯವರಿಗೂ ಅವ ನೋಡ್ರಿ’ ಅಂದರಂತೆ. ಮಕ್ಕಳ ತಪಾಸಣೆಯ ನೆಪದಲ್ಲಿ ದೊಡ್ಡವರಲ್ಲಿ ಆಟಿಸಂ ಪತ್ತೆಯಾಗುವುದು ಅಪರೂಪವೇನಲ್ಲ. ಕೆಲವು ತಿಂಗಳ ನಂತರ ಮನೋವೈದ್ಯರು ಅಣ್ಣನಿಗೂ ಆಟಿಸಂ ಇದೆ, ಜೊತೆಗೆ ಎಡಿಎಚ್‌ಡಿ ಇದೆ ಎಂದು ಬರೆದುಕೊಟ್ಟರು.

ಆಟಿಸಂ, ಎಡಿಎಚ್‌ಡಿ, ಡಿಸ್ಲೆಕ್ಸಿಯಾದಂತೆ ಮಿದುಳು ಬೇರೆ ರೀತಿಯಲ್ಲಿ ಕೆಲಸ ಮಾಡುವವರನ್ನು ಈಗ ‘ನ್ಯೂರೋಡೈವರ್ಜೆಂಟ್’ ಅನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನ 127 ಜನರಲ್ಲಿ ಒಬ್ಬರಿಗೆ ಆಟಿಸಂ ಇತ್ತು. ನಮಗೆ ಇದು ಗೊತ್ತಿರುವುದು ಹೆಚ್ಚಾಗಿ ಸಿನಿಮಾಗಳಿಂದ. 2007ರ ‘ತಾರೇ ಜಮೀನ್ ಪರ್’ ಮಗುವಿನ ಕಥೆ. ಆ ಮಗು ಬೆಳೆದು ಮದುವೆಯಾಗುತ್ತದೆ ಅನ್ನುವುದನ್ನು ಯಾರೂ ಯೋಚಿಸುವುದಿಲ್ಲ. 2010ರ ‘ಮೈ ನೇಮ್ ಈಸ್ ಖಾನ್’ನಲ್ಲಿ ಗಂಡನೇ ಆಟಿಸ್ಟಿಕ್, ಆದರೆ ಅವನು ಅಮೆರಿಕದ ಅಧ್ಯಕ್ಷರನ್ನು ಹುಡುಕಿಕೊಂಡು ಹೊರಡುತ್ತಾನೆ. ನಮ್ಮ ಅಣ್ಣ ಹೊರಡುವುದು ಅಂಗಡಿಗೆ. (ಹಾಗಂತ ರೀಲ್ಸ್ ನೋಡಿ ‘ನನಗೂ ಎಡಿಎಚ್‌ಡಿ’ ಎಂದು ಸ್ಟೇಟಸ್ ಹಾಕುವ ಹಾಸ್ಟೆಲ್ ಗೆಳೆಯರೇ, ಸೆಮಿಸ್ಟರ್ ಪರೀಕ್ಷೆಯ ಹಿಂದಿನ ರಾತ್ರಿ ಓದುವುದು ಕಾಯಿಲೆಯಲ್ಲ.)

ಹೆಸರು ಸಿಕ್ಕ ಮಾತ್ರಕ್ಕೆ ಸಂಸಾರ ಸರಿಯಾಗಲಿಲ್ಲ. ದೊಡ್ಡ ನಗರದ ಒಬ್ಬ ಕೌನ್ಸೆಲರ್ ಬಳಿ ಹೋದರು. ‘ದಿನಾ ಹತ್ತು ನಿಮಿಷ ಒಬ್ಬರ ಕಣ್ಣಲ್ಲಿ ಒಬ್ಬರು ಕಣ್ಣಿಟ್ಟು ಮಾತಾಡಿ, ಹೆಂಡತಿ ಹೇಳುವ ಮೊದಲೇ ಆಕೆಯ ಮನಸ್ಸು ಅರಿಯಲು ಯತ್ನಿಸಿ’ ಎಂಬ ಸಲಹೆ ಸಿಕ್ಕಿತು. ಆಟಿಸಂ ಇರುವ ಅನೇಕರಿಗೆ ಕಣ್ಣಿಗೆ ಕಣ್ಣು ಸೇರಿಸುವುದೇ ಹಿಂಸೆ. ಕಣ್ಣು ನೋಡುತ್ತಾ ಕೂತರೆ ಕಿವಿಗೆ ಬಿದ್ದ ಮಾತು ತಲೆಗೆ ಹೋಗುವುದಿಲ್ಲ. ಮೂರನೇ ದಿನಕ್ಕೆ ಅಣ್ಣ ಕೈಚೆಲ್ಲಿದ. ವೈನಿಗೆ ಅದು ‘ನಿನಗಾಗಿ ಹತ್ತು ನಿಮಿಷವೂ ಇಲ್ಲ’ ಎಂದಂತೆ ಕೇಳಿಸಿತು. ಎಲ್ಲರಿಗೂ ಕೊಡುವ ಸಲಹೆ ಇಂಥವರಿಗೆ ಹೇಗೆ ಉಲ್ಟಾ ಹೊಡೆಯುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಎರಡನೆಯ ಥೆರಪಿಸ್ಟ್ ಸಿಕ್ಕಿದ್ದು ವಿಡಿಯೊ ಕಾಲ್‌ನಲ್ಲಿ. ಅವರು ಕ್ಯಾಮೆರಾ ಬಂದ್ ಮಾಡಿ ಮಾತಾಡಲೂ ಅಣ್ಣನಿಗೆ ಅವಕಾಶ ಕೊಟ್ಟರು. ಮೊದಲು ಇಬ್ಬರ ಜೊತೆ ಬೇರೆ ಬೇರೆಯಾಗಿ ಮಾತಾಡಿ ಮನೆಯಲ್ಲಿ ಹೊಡೆತ, ಬೆದರಿಕೆ ಇದೆಯೇ ಎಂದು ವಿಚಾರಿಸಿದರು. ಇದು ಮುಖ್ಯ. ಕೈ ಎತ್ತುವುದಕ್ಕೆ ಆಟಿಸಂ ನೆಪವಾಗಲಾರದು. ಅಲ್ಲಿ ಬೇಕಾಗಿರುವುದು ಜೋಡಿ ಥೆರಪಿಯಲ್ಲ, 181 ಮಹಿಳಾ ಸಹಾಯವಾಣಿ ಮತ್ತು 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ.

ಆಮೇಲೆ ಅವರು ವಿವರಿಸಿದ್ದನ್ನು ಅಣ್ಣ ನನಗೆ ಹೇಳಿದಾಗ ನನ್ನ ಲ್ಯಾಬ್ ನೆನಪಾಯಿತು. ನಾನು ಇಲೆಕ್ಟ್ರಾನಿಕ್ಸ್ ವಿದ್ಯಾರ್ಥಿ. ಎರಡು ಬೋರ್ಡ್‌ಗಳ ನಡುವೆ ಸೀರಿಯಲ್ ಸಂಪರ್ಕ ಕೊಡುವಾಗ ಬಾಡ್ ರೇಟ್, ಅಂದರೆ ಮಾತಿನ ವೇಗ, ಎರಡೂ ಕಡೆ ಒಂದೇ ಇರಬೇಕು. ಒಂದು 9600, ಇನ್ನೊಂದು 115200 ಆದರೆ ಪರದೆಯ ಮೇಲೆ ಅರ್ಥವಿಲ್ಲದ ಚಿಹ್ನೆಗಳು ಸುರಿಯುತ್ತವೆ. ಬೋರ್ಡ್ ಎರಡೂ ಸರಿಯಿವೆ, ವೈರೂ ಸರಿಯಿದೆ. 2012ರಲ್ಲಿ ಬ್ರಿಟನ್ನಿನ ಸಮಾಜಶಾಸ್ತ್ರಜ್ಞ ಡೇಮಿಯನ್ ಮಿಲ್ಟನ್ ಹೇಳಿದ್ದು ಹೆಚ್ಚೂಕಮ್ಮಿ ಇದನ್ನೇ. ಅವರೂ ಆಟಿಸ್ಟಿಕ್. ಆಟಿಸಂ ಇರುವವರಿಗೆ ಇತರರು ಅರ್ಥವಾಗದಿದ್ದಷ್ಟೇ ಇತರರಿಗೆ ಅವರೂ ಅರ್ಥವಾಗುವುದಿಲ್ಲ, ಕೊರತೆ ಒಬ್ಬರದಲ್ಲ, ಇಬ್ಬರ ನಡುವಿನದು ಎಂಬುದು ಅವರ ವಾದ. ಎಡಿನ್‌ಬರೊ ವಿಶ್ವವಿದ್ಯಾಲಯದ ಕ್ಯಾಥರೀನ್ ಕ್ರಾಂಪ್ಟನ್ ತಂಡ 2020ರಲ್ಲಿ ಇದನ್ನು ಕಿವಿಮಾತಿನ ಆಟದಂತೆ ಪರೀಕ್ಷಿಸಿತು. ಒಬ್ಬರಿಂದ ಒಬ್ಬರಿಗೆ ಎಂಟು ಜನರ ಸಾಲಿನಲ್ಲಿ ಕಥೆ ದಾಟಿಸಬೇಕು. ಆಟಿಸಂ ಇರುವವರಷ್ಟೇ ಇದ್ದ ಸಾಲು, ಇಲ್ಲದವರಷ್ಟೇ ಇದ್ದ ಸಾಲು ಎರಡೂ ಸಮಸಮ. ಮಿಶ್ರ ಸಾಲಿನಲ್ಲಿ ಕಥೆ ಹೆಚ್ಚು ಸೋರಿಹೋಯಿತು. 2025ರಲ್ಲಿ ಹೆಚ್ಚು ಜನರೊಂದಿಗೆ ಮತ್ತೆ ನಡೆಸಿದಾಗ ಆ ಸೋರಿಕೆ ಕಾಣಲಿಲ್ಲ. ಆದರೆ ಆಟಿಸಂ ಇರುವವರು ಮಾತು ದಾಟಿಸುವುದರಲ್ಲಿ ಹಿಂದೆ ಅನ್ನುವುದು ಎರಡೂ ಸಲ ಸುಳ್ಳಾಯಿತು.

ಬೋರ್ಡಿನ ವೇಗ ಬದಲಿಸಲು ಕೋಡಿನ ಒಂದು ಸಾಲು ಸಾಕು. ಮನುಷ್ಯರಿಗೆ ಅಷ್ಟು ಸಲೀಸಲ್ಲ, ಇಬ್ಬರೂ ಒಪ್ಪುವ ನಿಯಮ ಬೇಕು. ಅಣ್ಣ–ವೈನಿ ನಡುವೆ ಬಂದ ನಿಯಮಗಳು ಕೇಳಲು ಸಪ್ಪೆ. ‘ನಂಗೇನೂ ಆಗಿಲ್ಲ’ ಎಂಬ ಮಾತು ನಿಷಿದ್ಧ. ‘ಜ್ವರ ಬಂದದ, ಮಧ್ಯಾಹ್ನದ ತನಕ ಇಲ್ಲೇ ಇರ್ರಿ’ ಅನ್ನಬೇಕು. ಜಗಳದ ನಡುವೆ ಅಣ್ಣನಿಗೆ ತಲೆ ಕಟ್ಟಿದರೆ ಎದ್ದು ಹೋಗಬಹುದು, ಆದರೆ ಎಷ್ಟು ಹೊತ್ತಿಗೆ ವಾಪಸ್ ಬರುತ್ತೇನೆ ಎಂದು ಹೇಳಿಯೇ ಹೋಗಬೇಕು, ಬರಲೇಬೇಕು. ದೊಡ್ಡ ವಿಷಯ ವಾಟ್ಸ್‌ಆ್ಯಪ್‌ನಲ್ಲಿ ಬರೆದು ಕಳಿಸಬಹುದು, ಒಂದೇ ಮನೆಯಲ್ಲಿದ್ದರೂ. ಬರೆದಾಗ ಅಣ್ಣ ಬೇರೆಯೇ ಮನುಷ್ಯ. ‘ಇಷ್ಟು ವರ್ಷ ಇವೆಲ್ಲಾ ಎಲ್ಲಿ ಇಟ್ಕೊಂಡಿದ್ರಿ’ ಎಂದು ವೈನಿ ಒಂದು ಮೆಸೇಜ್ ನೋಡಿ ಅತ್ತರಂತೆ.

ವೈನಿಯ ಪಾಲಿನದ್ದೂ ಇತ್ತು. ಗ್ಯಾಸ್ ಬುಕಿಂಗ್, ಕರೆಂಟ್ ಬಿಲ್, ಅಣ್ಣನ ಮಾತ್ರೆ, ಯಾರ ಮನೆಯ ಮುಂಜಿ ಯಾವಾಗ – ಎಲ್ಲವನ್ನೂ ನೆನಪಿಸಿ ನೆನಪಿಸಿ ಅವರು ಹೆಂಡತಿಯಿಂದ ಅವ್ವನಾಗಿದ್ದರು. ಎಡಿಎಚ್‌ಡಿ ಇರುವ ಎಷ್ಟೋ ಸಂಸಾರಗಳಲ್ಲಿ ಹೀಗೇ ಆಗುತ್ತದೆ. ಥೆರಪಿಸ್ಟ್ ಕೆಲಸಗಳನ್ನು ಹಂಚಿ, ನೆನಪಿಸುವ ಹೊಣೆಯನ್ನು ಮೊಬೈಲ್ ಅಲಾರಂಗೆ ಕೊಟ್ಟರು. ಈಗಲೂ ಕರೆಂಟ್ ಬಿಲ್ ತಡವಾಗುತ್ತದೆ. ಬೈಸಿಕೊಳ್ಳುವುದು ಅಲಾರಂ.

ಹೆಣ್ಣು ಬಾಯಿಬಿಟ್ಟು ಕೇಳಬಾರದು, ಗಂಡ ತಾನೇ ತಿಳಿಯಬೇಕು ಅನ್ನುವ ರೂಢಿ ಎಲ್ಲಿಂದ ಬಂತೋ. ನಮ್ಮ ಪಕ್ಕದ ಬಸವಕಲ್ಯಾಣದಲ್ಲೇ, 12ನೇ ಶತಮಾನದಲ್ಲಿ, ಗಂಡ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಆಯ್ದಕ್ಕಿ ಲಕ್ಕಮ್ಮ ಮುಖ ಊದಿಸಿ ಕೂರಲಿಲ್ಲ; ವಾಪಸ್ ಹಾಕಿ ಬಾ ಎಂದು ನೇರ ಹೇಳಿದಳು. ಮಾರಯ್ಯ ಕೇಳಿದ.

ಇಂಥ ಥೆರಪಿ ನಮ್ಮ ಭಾಗಕ್ಕೆ ಬರುವುದು ಯಾವಾಗ? ವಿಚಿತ್ರವೆಂದರೆ ಹಳ್ಳಿಗೆ ಮಾನಸಿಕ ಆರೋಗ್ಯ ಸೇವೆ ಒಯ್ಯುವ ದೇಶದ ದೊಡ್ಡ ಪ್ರಯೋಗ ನಡೆದದ್ದು ಕಲ್ಯಾಣ ಕರ್ನಾಟಕದಲ್ಲೇ. ನಿಮ್ಹಾನ್ಸ್ 1985ರಿಂದ ಬಳ್ಳಾರಿಯಲ್ಲಿ ಮಾಡಿದ ಕೆಲಸದ ಮಾದರಿಯಲ್ಲೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಬಂತು. ಬೀದರ್‌ನಲ್ಲಿ ಬ್ರಿಮ್ಸ್ ಇದೆ. ಆದರೆ ಇವೆಲ್ಲ ಕಾಯಿಲೆಗೆ ಚಿಕಿತ್ಸೆ ಕೊಡಲು ಕಟ್ಟಿದವು. ಕಾಯಿಲೆಯಿಲ್ಲದ ಇಬ್ಬರು ಒಂದು ಗಂಟೆ ಕೂತು ಮಾತಾಡುವ ಕುರ್ಚಿ ಅಲ್ಲಿಲ್ಲ. ಜೋಡಿಗಳಿಗೆ, ಕುಟುಂಬಗಳಿಗೆ ಚಿಕಿತ್ಸೆ ಕೊಡುವ ಪ್ರತ್ಯೇಕ ಕೇಂದ್ರ ನಿಮ್ಹಾನ್ಸ್‌ನಲ್ಲಿದೆ, ಬೆಂಗಳೂರಿಗೆ ಒಂದು ರಾತ್ರಿಯ ಪ್ರಯಾಣ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮನಸ್‌ಗೆ 14416 ಒತ್ತಿದರೆ ಕನ್ನಡದಲ್ಲೇ ಮಾತಾಡಬಹುದು, ಹಣ ಬೇಡ. ಅದು ಪೂರ್ತಿ ಥೆರಪಿಯಲ್ಲ, ಮುಂದೆ ಎಲ್ಲಿಗೆ ಹೋಗಬೇಕೆಂದು ಕೇಳಲು ಮೊದಲ ಬಾಗಿಲು. ಖಾಸಗಿ ಕೌನ್ಸೆಲರ್ ಬಳಿ ಹೋಗುವವರು ‘ಆಟಿಸಂ, ಎಡಿಎಚ್‌ಡಿ ಇರುವ ವಯಸ್ಕರ ಜೊತೆ ಕೆಲಸ ಮಾಡಿದ್ದೀರಾ’ ಎಂದು ಮೊದಲೇ ಕೇಳಿಬಿಡಿ. ವೈನಿಯ ಅನುಭವದ ಮಾತಿದು.

ವಿಡಿಯೊ ಕಾಲ್ ಅಂದರೆ ಸುಲಭ ಅನ್ನಿಸುತ್ತದೆ. ಒಂಬತ್ತು ಜನರ ಮನೆಯಲ್ಲಿ ಗಂಡ–ಹೆಂಡತಿ ತಮ್ಮ ಜಗಳದ ಬಗ್ಗೆ ಒಂದು ಗಂಟೆ ಮಾತಾಡಲು ಕೋಣೆ ಎಲ್ಲಿ? ತೊಗರಿ ಹೊಲಕ್ಕೆ ಹೋಗಿ ಬೇವಿನ ಮರದ ಕೆಳಗೆ ಕೂರುತ್ತಾರೆ. ಮೊಬೈಲನ್ನು ಟೊಂಗೆಗೆ ಕಟ್ಟಿದರೆ ನೆಟ್‌ವರ್ಕ್ ಸಿಗುತ್ತದೆ. ಮನೆಯಲ್ಲಿ ಹೇಳಿರುವುದು, ಹೊಲ ನೋಡಲು ಹೋಗುತ್ತೇವೆ ಎಂದು.

ಗುಟ್ಟಿಗೆ ಕಾರಣವಿದೆ. ಹಿಂದೂ ವಿವಾಹ ಕಾಯ್ದೆಯ 13ನೇ ಸೆಕ್ಷನ್‌ನಲ್ಲಿ ಮಾನಸಿಕ ಅಸ್ವಸ್ಥತೆಯೂ ವಿಚ್ಛೇದನಕ್ಕೆ ಒಂದು ಆಧಾರ. ಬರೀ ಕಾಯಿಲೆಯ ಹೆಸರು ಸಾಲದು, ಜೊತೆಗೆ ಬಾಳಲಾಗದಷ್ಟು ತೀವ್ರವಾಗಿದೆ ಎಂದು ತೋರಿಸಬೇಕು ಎಂದು ಸುಪ್ರೀಂ ಕೋರ್ಟ್ 1988ರಲ್ಲೇ ರಾಮ್ ನಾರಾಯಣ್ ಗುಪ್ತಾ ಪ್ರಕರಣದಲ್ಲಿ ಹೇಳಿದೆ. ಕಾನೂನು ಅಷ್ಟು ಸೂಕ್ಷ್ಮವಾಗಿದೆ, ಬೀಗರು ಹಾಗಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಆಟಿಸಂ ಸೇರಿದೆ, ಎಡಿಎಚ್‌ಡಿ ಸೇರಿಲ್ಲ. ಅಣ್ಣ ಪ್ರಮಾಣಪತ್ರಕ್ಕೆ ಅರ್ಜಿ ಹಾಕಬಹುದಿತ್ತು, ಹಾಕಲಿಲ್ಲ. ಮದುವೆಯಾಗಬೇಕಾದ ತಂಗಿ ಮನೆಯಲ್ಲಿದ್ದಾಳೆ. ‘ಅಣ್ಣಗ ತಲಿ ಸರಿ ಇಲ್ಲಂತ’ ಎಂಬ ಒಂದು ಮಾತು ಭಾಲ್ಕಿ ದಾಟಿ ಉಮರ್ಗಾ ತನಕ ಹೋಗಲು ಎರಡು ದಿನ ಸಾಕು.

ವೈದ್ಯರು ಬರೆದುಕೊಟ್ಟ ಕಾಗದ ಈಗ ವೈನಿಯ ಟ್ರಂಕಿನಲ್ಲಿ, ಸೀರೆಗಳ ಕೆಳಗಿದೆ. ತಂಗಿಗೆ ಹೇಳಿದ್ದಾರೆ. ಅತ್ತೆಗೆ ಇನ್ನೂ ಹೇಳಿಲ್ಲ. ಹೇಳಬೇಕೇ, ಹೇಳುವುದಾದರೆ ಯಾರು, ಯಾವ ಮಾತಿನಲ್ಲಿ ಅನ್ನುವುದು ಎಳ್ಳ ಅಮಾವಾಸ್ಯೆ ಮುಗಿದ ಮೇಲಿನ ಸಿಟ್ಟಿಂಗ್‌ಗೆ ಇಟ್ಟುಕೊಂಡಿರುವ ವಿಷಯ.