ಹೊಸ ಪಿಕಪ್ಪೂ ನನ್ನ ಉದ್ದನೆಯ ಪಟ್ಟಿಯೂ

ಕಳೆದ ದಸರೆಗೆ ನಮ್ಮ ಮನೆಗೆ ಪಿಕಪ್ ಬಂತು. ಬಿಳಿ ಬಣ್ಣದ ಬೊಲೆರೊ, 1.3 ಟನ್ ಹೊರುವಂಥದ್ದು. ಸಾಲ ನನ್ನ ಹೆಸರಿನಲ್ಲಿ, ಕಂತು ನನ್ನ ಪುಣೆಯ ಸಂಬಳದಲ್ಲಿ, ಸ್ಟಿಯರಿಂಗ್ ಮಾತ್ರ ಊರಿನಲ್ಲಿರುವ ತಮ್ಮನ ಕೈಯಲ್ಲಿ. ವಿಜಯಪುರ ಜಿಲ್ಲೆಯ ತಿಕೋಟಾ ಕಡೆಯ ನಮ್ಮ ಹಳ್ಳಿಯಲ್ಲಿ ಮೂರು ಎಕರೆ ದ್ರಾಕ್ಷಿ ಇದೆ. ಪ್ರತಿ ಸುಗ್ಗಿಯಲ್ಲೂ ಬಾಡಿಗೆ ಗಾಡಿಗೆ ಸುರಿಯುವ ದುಡ್ಡಿನ ಲೆಕ್ಕ ಹಾಕಿ ಹಾಕಿ ಸಾಕಾಗಿ, ಈ ಸಲ ನಮ್ಮದೇ ಒಂದು ಇರಲಿ ಎಂದುಕೊಂಡೆವು.

ಪುಣೆ, ಮುಂಬೈ, ಹೈದರಾಬಾದಿನಲ್ಲಿ ಕೂತು ಊರಿನ ಟ್ರ್ಯಾಕ್ಟರಿಗೋ ಬೋರ್‌ವೆಲ್ಲಿಗೋ ಕಂತು ಕಟ್ಟುವವರಿಗೆ ಇದು ಗೊತ್ತೇ ಇರುತ್ತದೆ. ದೂರದಲ್ಲಿರುವವನ ಕೈಯಲ್ಲಿ ಇರುವುದು ಎರಡೇ: ದುಡ್ಡು ಮತ್ತು ಸಲಹೆ. ದುಡ್ಡು ಲೆಕ್ಕದ್ದು. ಸಲಹೆಗೆ ಲೆಕ್ಕವಿಲ್ಲ. ಚಾಕಣದ ಕಾರ್ಖಾನೆಯೊಂದರಲ್ಲಿ 14 ವರ್ಷದಿಂದ ವಾಹನದ ಬಿಡಿಭಾಗಗಳ ಗುಣಮಟ್ಟ ನೋಡುವ ಕೆಲಸ ನನ್ನದು. ಗಾಡಿಯ ಬಗ್ಗೆ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು ಎಂಬ ಜಂಬ ಬೇರೆ.

ನಾಲ್ಕು ರಾತ್ರಿ ಮೊಬೈಲಿನಲ್ಲಿ ವಿಡಿಯೊ ನೋಡಿ ಒಂದು ಪಟ್ಟಿ ಮಾಡಿದೆ. ಮುಂದಕ್ಕೆ ದಪ್ಪ ಕಬ್ಬಿಣದ ಬುಲ್ ಬಾರ್. ಹೆಡ್‌ಲೈಟಿಗೆ ಹೆಚ್ಚು ವ್ಯಾಟಿನ ಬಲ್ಬು. ಕ್ಯಾಬಿನ್ ಮೇಲೆ ಎಲ್‌ಇಡಿ ಸಾಲು. ಜೋರು ಹಾರ್ನ್. ಗಾಜಿಗೆ ಕಪ್ಪು ಫಿಲ್ಮ್. ಹಿಂದಿನ ಸ್ಪ್ರಿಂಗಿಗೆ ಇನ್ನೆರಡು ಪ್ಲೇಟು. ಹಾಡಿನ ಸಿಸ್ಟಂ. ಕೊನೆಗೆ ದಪ್ಪನೆಯ ತಾಡಪತ್ರಿ. ಫೋನಿನಲ್ಲಿ ಓದಿ ಹೇಳಿದಾಗ ತಮ್ಮ ನಕ್ಕ. “ಅಣ್ಣಾ, ಇದನ್ನ ದುಡಿಯಾಕ ತಂದೀವಿ, ಮೆರವಣಿಗಿ ಮಾಡಾಕ ಅಲ್ಲ” ಅಂದ. ಅವನು ಕೇಳಿದ್ದು ಮೂರೇ: ತಾಡಪತ್ರಿ, ಒಳ್ಳೆಯ ಹಗ್ಗ, ಬೆನ್ನಿಗೊಂದು ದಿಂಬು.

ಬುಲ್ ಬಾರ್ ಕಲಿಸಿದ ಪಾಠ

ದೀಪಾವಳಿಗೆ ಊರಿಗೆ ಹೋದವನು ಹಟ ಮಾಡಿ ಬುಲ್ ಬಾರ್ ಹಾಕಿಸಿಯೇ ಬಂದೆ. ಗಾಡಿ ಗೂಳಿಯ ಹಾಗೆ ಕಂಡಿತು. ಫೋಟೊ ತೆಗೆದು ಆಫೀಸಿನ ಗೆಳೆಯರಿಗೆಲ್ಲ ಕಳಿಸಿದೆ. ಎರಡು ತಿಂಗಳಲ್ಲೇ ಹೆದ್ದಾರಿಯಲ್ಲಿ ಪೊಲೀಸರು ನಿಲ್ಲಿಸಿ ದಂಡ ಹಾಕಿದರು. ಅಂಗಡಿಯವನು ಇದರ ಬಗ್ಗೆ ಬಾಯಿ ಬಿಟ್ಟಿರಲಿಲ್ಲ. ಆದರೆ ಹೇಳಬೇಕಾದವನು ಅವನೊಬ್ಬನೇ ಅಲ್ಲ. ಗಾಡಿಯ ಮಾಲೀಕ ನಾನು, ತಿಳಿದುಕೊಳ್ಳಬೇಕಾದವನೂ ನಾನೇ.

ಆಮೇಲೆ ಕೂತು ಓದಿದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ಕಂಪನಿ ಕೊಟ್ಟ ಮೂಲ ವಿವರಗಳಿಗೆ ಹೊಂದದ ಹಾಗೆ ಗಾಡಿಯನ್ನು ಬದಲಾಯಿಸುವಂತಿಲ್ಲ. ಬುಲ್ ಬಾರ್ ವಿರುದ್ಧ ಕಠಿಣ ಕ್ರಮ ತೆಗೆದುಕೊಳ್ಳಿ ಎಂದು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲಿ ಎಲ್ಲ ರಾಜ್ಯಗಳಿಗೂ ಬರೆದಿದೆ. 2019ರ ತಿದ್ದುಪಡಿಯಾದ ಮೇಲೆ, ನಿಯಮ ಮೀರಿ ಮಾಡಿಸಿದ ಒಂದೊಂದು ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು. ಅಂದರೆ ನನ್ನ ಪಟ್ಟಿಯ ಅರ್ಧಕ್ಕಿಂತ ಹೆಚ್ಚು ಸಾಲುಗಳಿಗೆ ಒಂದೊಂದು ದಂಡದ ಚೀಟಿ ಅಂಟಿಕೊಂಡೇ ಇತ್ತು.

ಕಾನೂನಿನ ಹಿಂದೆ ಕಾರಣವೂ ಇದೆ. ಕಂಪನಿಯ ಬಂಪರ್ ಬಡಿದಾಗ ತಾನು ನಜ್ಜುಗುಜ್ಜಾಗಿ ಪೆಟ್ಟಿನ ಒಂದಿಷ್ಟು ಭಾಗವನ್ನು ನುಂಗುತ್ತದೆ. ಚಾಸಿಗೆ ಬೋಲ್ಟ್ ಹಾಕಿ ಬಿಗಿದ ಕಬ್ಬಿಣ ನುಂಗುವುದಿಲ್ಲ. ಪೆಟ್ಟನ್ನು ನೇರವಾಗಿ ಚಾಸಿಗೆ, ಅಲ್ಲಿಂದ ಒಳಗೆ ಕೂತವನಿಗೆ ದಾಟಿಸುತ್ತದೆ. ಎದುರು ಸಿಕ್ಕ ಪಾದಚಾರಿಯ ಗತಿಯಂತೂ ಹೇಳುವುದೇ ಬೇಡ. ತಮ್ಮನ ರಕ್ಷಣೆಗೆಂದು ಹಾಕಿಸಿದ್ದು ಅವನ ಎದೆಗೇ ಗುರಿ ಇಟ್ಟಿತ್ತು.

ಇನ್ನೊಂದು ಲೆಕ್ಕ ತಮ್ಮನೇ ಹೇಳಿಕೊಟ್ಟ. ಗಾಡಿಯ ಒಟ್ಟು ತೂಕ ಎಷ್ಟಿರಬಹುದು ಎಂದು ಆರ್‌ಸಿಯಲ್ಲಿ ಬರೆದಿದೆ. ಗಾಡಿಗೆ ನಾವು ಸೇರಿಸಿದ ಪ್ರತಿ ಕಿಲೊ, ಮಾಲಿನಲ್ಲಿ ಕಡಿಮೆಯಾಗುವ ಕಿಲೊ. ಬಾರು, ಕಬ್ಬಿಣದ ಜಾಲರಿ, ಪ್ಲೇಟು ಎಂದು 100 ಕಿಲೊ ಏರಿಸಿದರೆ 20 ಕಿಲೊದ ಐದು ಕ್ರೇಟ್ ದ್ರಾಕ್ಷಿ ಊರಿನಲ್ಲೇ ಉಳಿಯಿತು. ಬಿಡದೆ ಹೇರಿದರೆ ಮಿತಿ ಮೀರಿದ ತೂಕಕ್ಕೆ ಕಾಯ್ದೆಯಲ್ಲಿರುವ ದಂಡ 20,000 ರೂಪಾಯಿ, ಅದರ ಮೇಲೆ ಹೆಚ್ಚಾದ ಪ್ರತಿ ಟನ್ನಿಗೆ 2,000. ಹೆಚ್ಚುವರಿ ಪ್ಲೇಟು ಹಾಕಿಸಿದರೆ ಗಾಡಿ ಕುಗ್ಗುವುದಿಲ್ಲ, ನಿಜ. ಆದರೆ ಬ್ರೇಕು, ಆಕ್ಸಲ್, ಟಯರು ಮೊದಲಿನವೇ ಅಲ್ಲವೇ? ಹೊರೆ ಹೆಚ್ಚಾಗಿದೆ ಎಂದು ಗಾಡಿ ಕುಗ್ಗಿ ಹೇಳುತ್ತಿದ್ದುದನ್ನು ನಾವು ಕೇಳಿಸದ ಹಾಗೆ ಮಾಡಿಕೊಂಡೆವು, ಅಷ್ಟೆ.

ಬಾರು ಬಿಚ್ಚಿಸಿ ಗುಜರಿಗೆ ಹಾಕಿದೆವು.

ಭಿಗವಣದ ಆ ರಾತ್ರಿ

ಪಟ್ಟಿಯಲ್ಲಿ ನನ್ನದೂ ತಮ್ಮನದೂ ಒಂದೇ ಆಗಿದ್ದು ತಾಡಪತ್ರಿ. ಅದನ್ನು ಪುಣೆಯಲ್ಲೇ ಕೊಂಡು ಕಳಿಸಿದ್ದೆ. ಒಳ್ಳೆಯ ದಪ್ಪನೆಯದು, ಅಳತೆಯಲ್ಲೂ ಧಾರಾಳ. ಮಳೆ ಬಂದರೂ ಹನಿ ಇಳಿಯದು ಎಂದು ಹೆಮ್ಮೆಪಟ್ಟಿದ್ದೆ.

ಫೆಬ್ರವರಿ ಮೊದಲ ವಾರ ದ್ರಾಕ್ಷಿ ಹೇರಿಕೊಂಡು ತಮ್ಮ ಪುಣೆಗೆ ಹೊರಟ. ಬೆಳಿಗ್ಗೆ ಗುಲ್ಟೇಕಡಿಯ ಮಾರ್ಕೆಟ್ ಯಾರ್ಡಿನಲ್ಲಿ ಚಹಾ ಕುಡಿಯುತ್ತ, ಏನೋ ಸಣ್ಣ ಸುದ್ದಿಯಂತೆ ಹೇಳಿದ. ಭಿಗವಣ ದಾಟುವಾಗ ಮುಂದೆ ಕಬ್ಬಿನ ಟ್ರ್ಯಾಕ್ಟರು ನಿಧಾನವಾಯಿತು, ಇವನೂ ನಿಧಾನ ಮಾಡಿದ. ಹಿಂದಿನಿಂದ ಬಂದ ಬಸ್ಸು ಬ್ರೇಕ್ ಕೀರಲಿಸಿ ಪಕ್ಕಕ್ಕೆ ಹೊರಳಿ, ಒಂದು ಮೊಳದ ಅಂತರದಲ್ಲಿ ಪಾರಾಯಿತು. ಚಾಲಕ ಇಳಿದು ಬಂದು ಬೈದ: ನಿನ್ನ ಗಾಡಿಗೆ ಹಿಂದೆ ಲೈಟೇ ಇಲ್ಲ.

ಲೈಟು ಇತ್ತು. ಉರಿಯುತ್ತಲೂ ಇತ್ತು. ಕಂಪನಿಯವರೇ ಹಿಂದೆ ಅಂಟಿಸಿದ್ದ ಹೊಳೆಯುವ ಕೆಂಪು ಪಟ್ಟಿಯೂ ಇತ್ತು. ಆದರೆ ನಾನು ಕಳಿಸಿದ ಧಾರಾಳದ ತಾಡಪತ್ರಿಯ ಸೆರಗು ಗಾಳಿಗೆ ಬಿಚ್ಚಿಕೊಂಡು, ಲೈಟು, ಪಟ್ಟಿ, ನಂಬರ್ ಪ್ಲೇಟು ಮೂರನ್ನೂ ಮುಚ್ಚಿತ್ತು.

ಚಹಾದ ಗ್ಲಾಸು ಕೈಯಲ್ಲೇ ಉಳಿಯಿತು. ತಮ್ಮ ನನ್ನ ಮುಖ ನೋಡಿ, “ಏನೂ ಆಗಿಲ್ಲಲ್ಲ, ಬಿಡು” ಅಂದ. ಸ್ವಲ್ಪ ಹೊತ್ತಿನ ಮೇಲೆ ಮೆಲ್ಲಗೆ ಸೇರಿಸಿದ: “ಅಣ್ಣಾ, ನೀ ಇಲ್ಲೆ ಕುಂತು ಪಟ್ಟಿ ಮಾಡಬ್ಯಾಡ. ಒಂದ್ ಸಲ ನನ್ನ ಬಾಜೂಕ ಕುಂತು ಬಾ. ಏನ್ ಬೇಕಂತ ನಿನಗ ತಿಳೀತೈತಿ.”

ಪಕ್ಕದ ಸೀಟಿನಲ್ಲಿ

ಎರಡು ದಿನ ರಜೆ ಹಾಕಿ ಊರಿಗೆ ಹೋದೆ. ರಾತ್ರಿ ಎಂಟಕ್ಕೆ ಹೊರಟೆವು. ವಿಜಯಪುರ, ಝಳಕಿ, ಧೂಳಖೇಡ, ಭೀಮಾ ನದಿ ದಾಟಿ ಸೊಲ್ಲಾಪುರ, ಅಲ್ಲಿಂದ ಟೆಂಭುರ್ಣಿ, ಇಂದಾಪುರ, ಭಿಗವಣ. ಸುಮಾರು 350 ಕಿಲೊಮೀಟರು. ಬಸ್ಸಿನಲ್ಲಿ ನಿದ್ದೆ ಮಾಡುತ್ತ ನೂರಾರು ಸಲ ಕಳೆದ ದಾರಿ. ಎಚ್ಚರವಿದ್ದು ನೋಡಿದ್ದು ಅದೇ ಮೊದಲು.

ಮೊದಲು ಗಮನಕ್ಕೆ ಬಂದದ್ದು ಎದುರಿನವರು ಪದೇ ಪದೇ ಡಿಪ್ಪರ್ ಹೊಡೆಯುತ್ತಿದ್ದುದು. ನಮ್ಮದು ಲೋ ಬೀಮ್‌ನಲ್ಲೇ ಇತ್ತು. ಆದರೆ ಹಿಂದೆ ಹೊರೆ ಕೂತಾಗ ಗಾಡಿಯ ಮೂತಿ ಮೇಲೇಳುತ್ತದೆ, ಬೆಳಕು ರಸ್ತೆ ಬಿಟ್ಟು ಎದುರಿನವನ ಕಣ್ಣಿಗೆ ಬೀಳುತ್ತದೆ. ಇದಕ್ಕೆ ಬೇಕಿದ್ದುದು ಹೊಸ ಬಲ್ಬಲ್ಲ. ಹೊರೆ ಇದ್ದಾಗ ಹೆಡ್‌ಲೈಟನ್ನು ತಗ್ಗಿಸಿ ಹೊಂದಿಸುವುದು ಮತ್ತು ಗಾಜನ್ನು ಒರೆಸುವುದು. ಮಾಮೂಲು ಎಚ್4 ಬಲ್ಬು 60/55 ವ್ಯಾಟಿನದು, ಒಂದೊಂದಕ್ಕೆ ಸುಮಾರು 5 ಆಂಪಿಯರ್ ಸಾಕು. ನಾನು ಹೇಳಿದ್ದ 100/90 ವ್ಯಾಟಿನದು 8 ಆಂಪಿಯರಿಗೂ ಹೆಚ್ಚು ಎಳೆಯುತ್ತದೆ. ಹಳೆಯ ತಂತಿಯಲ್ಲೇ ಅದನ್ನು ಉರಿಸಿದರೆ ಹೋಲ್ಡರ್ ಕರಗುತ್ತದೆ, ಕೆಲವೊಮ್ಮೆ ತಂತಿಯೂ ಸುಡುತ್ತದೆ. ಬಿಡಿಭಾಗಗಳ ಗುಣಮಟ್ಟ ನೋಡುವವನಿಗೆ ಇದು ಗೊತ್ತಿರಬೇಕಿತ್ತು. ಗೊತ್ತಿತ್ತು ಕೂಡ. ವಿಡಿಯೊ ನೋಡುವಾಗ ನೆನಪಾಗಲಿಲ್ಲ.

ಎರಡನೆಯದು, ಕಪ್ಪು ಫಿಲ್ಮ್. 2012ರಲ್ಲೇ ಸುಪ್ರೀಂ ಕೋರ್ಟ್ ಅದನ್ನು ಬೇಡವೆಂದಿದೆ. ಆ ರಾತ್ರಿ ಎಡಗಡೆ ದೀಪವಿಲ್ಲದೆ ನಿಂತ ಕಬ್ಬಿನ ಟ್ರೇಲರುಗಳನ್ನು ಬರಿಗಾಜಿನಲ್ಲೇ ಕಷ್ಟಪಟ್ಟು ಗುರುತಿಸಿದೆ. ಫಿಲ್ಮ್ ಇದ್ದಿದ್ದರೆ ಅದೂ ಕಾಣುತ್ತಿರಲಿಲ್ಲ.

ಮೂರನೆಯದು ಮುಂದಿನ ಗಾಜಿನ ಮೇಲ್ಭಾಗದಲ್ಲಿ ಅವ್ವ ಬರೆಸಿದ್ದ ‘ಶ್ರೀ ಸಿದ್ಧೇಶ್ವರ ಪ್ರಸನ್ನ’. ಎರಡು ಗೇಣು ಅಗಲದ ಸ್ಟಿಕ್ಕರು. ದೂರದ ಸಿಗ್ನಲ್ ಅದರ ಹಿಂದೆ ಮರೆಯಾಗುತ್ತಿತ್ತು. ತೆಗೆಯೋಣ ಅಂದರೆ ಅವ್ವ ಬೇಜಾರಾದಳು. ಕೊನೆಗೆ ಕ್ಯಾಬಿನ್ನಿನ ನೆತ್ತಿಯ ಮೇಲೆ ಬಣ್ಣದಲ್ಲಿ ಬರೆಸಿದೆವು. “ದೇವರು ಮ್ಯಾಲೆ ಕುಂತ್ರ ಇನ್ನೂ ಚಲೋ” ಎಂದು ಒಪ್ಪಿದಳು.

ನಾಲ್ಕನೆಯದು ನಡುರಾತ್ರಿ ಟೆಂಭುರ್ಣಿಯ ಹತ್ತಿರ ಆದ ಪಂಕ್ಚರ್. ರಸ್ತೆಯ ಬದಿಯ ಮೆತ್ತನೆಯ ಮಣ್ಣಿನಲ್ಲಿ ಜಾಕು ಎತ್ತುವ ಬದಲು ಹೂತುಹೋಯಿತು. ತಮ್ಮ ಸೀಟಿನ ಹಿಂದಿನಿಂದ ಒಂದು ಮರದ ಹಲಗೆ ತೆಗೆದು ಜಾಕಿನ ಕೆಳಗೆ ಇಟ್ಟ. ಎರಡು ಕಟ್ಟಿಗೆ ತುಂಡುಗಳನ್ನು ಗಾಲಿಗೆ ಅಡ್ಡ ಕೊಟ್ಟ. ನಾನು ಮೊಬೈಲಿನ ಟಾರ್ಚು ಹಿಡಿದು ನಿಂತೆ, ಅದು ಸಾಲಲಿಲ್ಲ. ಲಾರಿಯೊಂದು ಹತ್ತಿರದಲ್ಲೇ ಹಾದುಹೋದಾಗ ಮೈ ನಡುಗಿತು. ತ್ರಿಕೋನದ ಎಚ್ಚರಿಕೆ ಫಲಕ ಗಾಡಿಯ ಜೊತೆಗೇ ಬಂದಿತ್ತು. ನಾವು ಅದನ್ನು ಡಬ್ಬಿಯಿಂದ ತೆಗೆದಿರಲೇ ಇಲ್ಲ.

ಐದನೆಯದು, ಬೆನ್ನು. ಇಂದಾಪುರ ಬರುವಷ್ಟರಲ್ಲಿ ನನಗೆ ನೆಟ್ಟಗೆ ಕೂರಲಾಗುತ್ತಿರಲಿಲ್ಲ. ನಾನು ಸುಮ್ಮನೆ ಕೂತವನು. ತಮ್ಮ ಕ್ಲಚ್ಚು, ಬ್ರೇಕು ತುಳಿಯುತ್ತ ಕೂತವನು. ಅಕ್ಟೋಬರಿನಲ್ಲಿ ಅವನು ಕೇಳಿದ್ದ ದಿಂಬು ಇನ್ನೂ ಬಂದಿರಲಿಲ್ಲ.

ಕೊನೆಗೆ ನಾವು ಮಾಡಿಸಿದ್ದು

ಮರುದಿನ ಇಬ್ಬರೂ ಕೂತು ಹೊಸ ಪಟ್ಟಿ ಮಾಡಿದೆವು. ಹೊಸ ಗಾಡಿ ತಂದವರಿಗೆ ಉಪಯೋಗವಾದೀತು ಎಂದು ಬರೆಯುತ್ತಿದ್ದೇನೆ.

ಮೊದಲು ತಾಡಪತ್ರಿಯನ್ನು ಗಾಡಿಯ ಅಳತೆಗೆ ಕತ್ತರಿಸಿ, ಅಂಚಿಗೆ ಹಿತ್ತಾಳೆಯ ಕಣ್ಣು ಕೂಡಿಸಿ ಹೊಲಿಸಿದೆವು. ಹಿಂದಿನ ಅಂಚು ಲೈಟಿಗಿಂತ ಒಂದು ಗೇಣು ಮೇಲೆಯೇ ನಿಲ್ಲುತ್ತದೆ. ಮುಂದೆ ಸ್ವಲ್ಪ ಗಾಳಿಯಾಡಲು ಸಂದು ಬಿಡುವುದು ತಮ್ಮನ ಉಪಾಯ. ಪೂರ್ತಿ ಬಿಗಿದರೆ ದ್ರಾಕ್ಷಿ ಬೇಯುತ್ತದೆ.

ಎರಡನೆಯದಾಗಿ, ಹಗ್ಗದ ಜೊತೆಗೆ ನಾಲ್ಕು ರ‍್ಯಾಚೆಟ್ ಬೆಲ್ಟು. ಹಗ್ಗದ ಗಂಟು ದಾರಿಯಲ್ಲಿ ಸಡಿಲಾಗುತ್ತದೆ, ಬೆಲ್ಟನ್ನು ಹಿಡಿಕೆ ಎಳೆದು ಮತ್ತೆ ಬಿಗಿಯಬಹುದು. ಹೊರಟ 20–30 ಕಿಲೊಮೀಟರಿಗೆ ಒಮ್ಮೆ ನಿಲ್ಲಿಸಿ ನೋಡುವುದು ಈಗ ರೂಢಿ. ಕ್ರೇಟು ಜಾರದಂತೆ, ತಗಡು ತುಕ್ಕು ಹಿಡಿಯದಂತೆ ತಳಕ್ಕೆ ರಬ್ಬರ್ ಮ್ಯಾಟ್ ಹಾಕಿದೆವು. ತಗಡಿನ ಮೇಲೆ ನೀರು ನಿಲ್ಲದ ಹಾಗೆ ವಾರಕ್ಕೊಮ್ಮೆ ಎತ್ತಿ ಒಣಗಿಸಬೇಕು.

ಮೂರನೆಯದಾಗಿ, ಹೊಳೆಯುವ ಪಟ್ಟಿ. ಮುಂದೆ ಬಿಳಿ, ಪಕ್ಕಕ್ಕೆ ಹಳದಿ, ಹಿಂದೆ ಕೆಂಪು. ಕಂಪನಿಯದು ಹೇಗೂ ಇತ್ತು. ಕೆಸರು ಮೆತ್ತಿದ್ದನ್ನು ತೊಳೆದೆವು, ಕಿತ್ತುಹೋದಲ್ಲಿ ಪ್ರಮಾಣಿತ ಟೇಪನ್ನೇ ಅಂಟಿಸಿದೆವು.

ನಾಲ್ಕನೆಯದಾಗಿ, ಸೀಟಿನ ಹಿಂದೆ ಒಂದು ಪೆಟ್ಟಿಗೆ. ಅದರಲ್ಲಿ ಹಣೆಗೆ ಕಟ್ಟುವ ಟಾರ್ಚು, ಹಲಗೆ, ಕಟ್ಟಿಗೆ ತುಂಡು, ತ್ರಿಕೋನ ಫಲಕ, ಗಾಳಿ ಅಳೆಯುವ ಗೇಜು, ಬಿಡಿ ಫ್ಯೂಸು, ಬಲ್ಬು, ಪ್ರಥಮ ಚಿಕಿತ್ಸೆಯ ಡಬ್ಬಿ, ಬೆಂಕಿ ಆರಿಸುವ ಸಿಲಿಂಡರು. ಖಾಲಿ ಗಾಡಿಗೆ ಎಷ್ಟು ಗಾಳಿ, ತುಂಬಿದ ಗಾಡಿಗೆ ಎಷ್ಟು ಗಾಳಿ ಎಂದು ಕಂಪನಿ ಪುಸ್ತಕದಲ್ಲಿ ಕೊಟ್ಟದ್ದನ್ನು ಪೆಟ್ಟಿಗೆಯ ಮುಚ್ಚಳದ ಮೇಲೆಯೇ ಬರೆದಿದ್ದೇವೆ.

ಐದನೆಯದಾಗಿ, ಬೆನ್ನಿಗೆ ದಿಂಬು. ಇದು ಮೊದಲನೆಯದಾಗಬೇಕಿತ್ತು.

ಇಷ್ಟಕ್ಕೂ ಸೇರಿ ಆದ ಖರ್ಚು ಬುಲ್ ಬಾರಿಗೆ ಸುರಿದುದಕ್ಕಿಂತ ಕಡಿಮೆ. ಒಂದಕ್ಕೂ ಆರ್‌ಸಿ ತಿದ್ದಿಸಬೇಕಿಲ್ಲ, ವಿಮೆಯವರು ತಕರಾರು ತೆಗೆಯಲು ದಾರಿಯಿಲ್ಲ. ಬಾಡಿಗೆಗೆ ದುಡಿಯುವ ಹಳದಿ ಬೋರ್ಡಿನ ಗಾಡಿಗೆ ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷವೂ ಫಿಟ್‌ನೆಸ್ ಪರೀಕ್ಷೆ ಇದೆ. ಅಲ್ಲಿಯೂ ಉತ್ತರ ಕೊಡುವ ಕಷ್ಟವಿಲ್ಲ.

ಈಗ ಗಾಡಿಗೆ ಏನನ್ನಾದರೂ ಸೇರಿಸುವ ಮುಂಚೆ ನಾವು ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಇದು ಏನನ್ನು ಮುಚ್ಚುತ್ತದೆ? ದಪ್ಪ ತಾಡಪತ್ರಿ ಲೈಟನ್ನು ಮುಚ್ಚಿತು. ಸ್ಟಿಕ್ಕರು ಸಿಗ್ನಲನ್ನು ಮುಚ್ಚಿತು. ಪ್ಲೇಟು ಹಾಕಿಸಿದ್ದರೆ ಹೊರೆಯನ್ನು ಮುಚ್ಚುತ್ತಿತ್ತು. ಪುಣೆಯಿಂದ ನಾನು ಕಳಿಸುತ್ತಿದ್ದ ಪಟ್ಟಿಯೂ ಒಂದನ್ನು ಮುಚ್ಚಿತ್ತು: ರಾತ್ರಿಯಿಡೀ ಗಾಡಿ ಹೊಡೆಯುವವನ ಪಕ್ಕ ನಾನು ಒಮ್ಮೆಯೂ ಕೂತಿರಲಿಲ್ಲ ಎಂಬುದನ್ನು.

ಸುಗ್ಗಿ ಮುಗಿಯುವವರೆಗೆ ವಾರಕ್ಕೆರಡು ಸಲ ರಾತ್ರಿ ಎಂಟಕ್ಕೆ ನನ್ನ ಮೊಬೈಲಿಗೆ ಒಂದು ಫೋಟೊ ಬರುತ್ತಿತ್ತು. ಹೊರಡುವ ಮುಂಚೆ ತಮ್ಮ ಗಾಡಿಯ ಹಿಂದೆ ನಿಂತು ತೆಗೆದದ್ದು. ಎರಡು ಕೆಂಪು ದೀಪ, ಕೆಂಪು ಪಟ್ಟಿ, ಸ್ಪಷ್ಟವಾಗಿ ಓದಲು ಬರುವ ಕೆಎ 28ರ ನಂಬರು. ಅದನ್ನು ನೋಡಿದ ಮೇಲೆ ನಾನು ಊಟಕ್ಕೆ ಕೂರುತ್ತಿದ್ದೆ.